ಮೂರು ಅರ್ಜಿ

ಜನವರಿ 8, ಬುಧವಾರ. ಬೆಳಿಗ್ಗೆ 6.10

ಬಸ್ಸಿನಲ್ಲಿ. ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಏಳಕ್ಕೆ ಲಿಫ್ಟ್ ಕಂಪನಿಯ ಸರ್ವಿಸ್ ಡೆಸ್ಕಿನಲ್ಲಿ ಕೂರಬೇಕು. ನಿನ್ನೆಯ ಕಂಪ್ಲೇಂಟು ನಾಲ್ಕು ಬಾಕಿ. ಆಸ್ಪತ್ರೆಯ ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಬಟ್ಟೆ ಅಂಗಡಿಯದ್ದು ಎರಡನೇ ಮಹಡಿಯನ್ನು ಮರೆತೇಬಿಟ್ಟಿದೆ. ಯಾವ ಮೆಕ್ಯಾನಿಕ್ಕನ್ನು ಎಲ್ಲಿಗೆ ಕಳಿಸುವುದೆಂದು ಇಳಿಯುವ ಹೊತ್ತಿಗೆ ಅರ್ಧ ತೀರ್ಮಾನವಾಗಿರುತ್ತದೆ. ಹದಿನಾಲ್ಕು ವರ್ಷದ ಅಭ್ಯಾಸ.

ಮಧ್ಯಾಹ್ನ 1.20

ಹೊಸ ಸರ್ವಿಸ್ ಮ್ಯಾನೇಜರ್ ಬಂದಿದ್ದಾರೆ. ಏಳು ತಿಂಗಳಿಂದ ಆ ಕೆಲಸ ಮಾಡುತ್ತಿದ್ದವಳು ನಾನು. ಬ್ರಾಂಚಿನ ದೊಡ್ಡವರು ಕರೆಸಿ ಹೇಳಿದರು.

"ನಿಮ್ಮ ಕೆಲಸದಲ್ಲಿ ಎಳ್ಳಷ್ಟೂ ಕೊರತೆ ಇಲ್ಲಮ್ಮ. ಆದ್ರೆ ಮ್ಯಾನೇಜರ್ ಅಂದ್ರೆ ಎಂಬಿಎ ಆಗಿರ್ಬೇಕು ಅಂತ ಹೆಡ್ ಆಫೀಸಿನ ರೂಲು. ಇವರು ಎರಡು ಮೂರು ವರ್ಷ ಇರ್ತಾರೆ. ಅಷ್ಟರೊಳಗೆ ನೀವು..."

ವಾಕ್ಯ ಮುಗಿಸಲಿಲ್ಲ. ಒಳ್ಳೆಯವರು. ಮುಖ ನೋಡಲಾಗದೆ ಪೆನ್ನಿನ ಕ್ಯಾಪು ನೋಡುತ್ತಿದ್ದರು.

ಹೊಸಬರಿಗೆ ಮೂವತ್ತಿರಬಹುದು. ಟೈ ಕಟ್ಟಿದ್ದಾರೆ. ಅರ್ಧ ಗಂಟೆಯೊಳಗೆ ಮೆಕ್ಯಾನಿಕ್ಕುಗಳು 'ಟೈ' ಎಂದೇ ಹೆಸರಿಟ್ಟಾಯಿತು. ನನ್ನ ಹತ್ತಿರ ಬಂದು, "ಮೇಡಂ, ಗವರ್ನರ್ ಅಂದ್ರೆ ಯಾವ ಪಾರ್ಟು?" ಎಂದು ಕೇಳಿದರು. ಲಿಫ್ಟ್ ವೇಗ ಮೀರಿದರೆ ಹಿಡಿದು ನಿಲ್ಲಿಸುವುದು ಅದೇ ಎಂದೆ. ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸಿಟ್ಟು ಮಾಡಿಕೊಳ್ಳೋಣ ಎಂದಿದ್ದೆ. ಕೇಳಿ ಬರೆದುಕೊಳ್ಳುವವರ ಮೇಲೆ ಹೇಗೆ ಮಾಡುವುದು...

ಜನವರಿ 11, ಶನಿವಾರ

ಮನೆಯಲ್ಲಿ ಹೇಳಿದೆ — ಓದಬೇಕು ಅನ್ನಿಸುತ್ತಿದೆ. ಎಂಬಿಎ. ಕೆಲಸ ಮಾಡುತ್ತಲೇ.

ಇವರು ಮುಂದಿನ ಕೋಣೆಯಲ್ಲಿ ಯಾರದೋ ಕೆಳದವಡೆಯ ಅಚ್ಚಿಗೆ ಹಲ್ಲು ಜೋಡಿಸುತ್ತಿದ್ದರು. ಊರಿನ ಅರ್ಧ ಡೆಂಟಿಸ್ಟುಗಳ ಹಲ್ಲಿನ ಸೆಟ್ಟುಗಳು ತಯಾರಾಗುವುದು ನಮ್ಮ ಮನೆಯ ಆ ಮೇಜಿನ ಮೇಲೆ. ತಲೆ ಎತ್ತದೆ "ಮಾಡು" ಎಂದರು. ಒಂದು ಹಲ್ಲು ಕೂರಿಸಿದ ಮೇಲೆ, "ಹತ್ತು ವರ್ಷ ಮೊದ್ಲೇ ಕೇಳ್ತೀಯ ಅಂದ್ಕೊಂಡಿದ್ದೆ."

ಪುಟ್ಟಿಗೆ ಒಂದೇ ಚಿಂತೆ. "ನಿಂಗೂ ಹೋಂವರ್ಕ್ ಕೊಡ್ತಾರಾ ಅಮ್ಮ? ಮಾಡ್ದಿದ್ರೆ ಯಾರು ಬೈತಾರೆ?"

"ನಾನಿದ್ದೀನಲ್ಲ," ಎಂದರು ಮಾವ.

ಮಾವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೂವತ್ತಾರು ವರ್ಷ ಪ್ರೂಫ್ ತಿದ್ದಿದವರು. ಸಾವಿರಾರು ಪುಸ್ತಕ ಕೈದಾಟಿವೆ, ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಸಂಜೆಯೊಳಗೆ ಮೂರು ಯೂನಿವರ್ಸಿಟಿಗೆ ಫೋನ್ ಮಾಡಿ ವಿಚಾರಿಸಿಯಾಗಿತ್ತು. ಒಂದು ಕಡೆಯ ಹುಡುಗಿ ಮಾವನೇ ಸೇರುವವರೆಂದು ತಿಳಿದು ವಯಸ್ಸು ಕೇಳಿದಳಂತೆ. ಎಪ್ಪತ್ತೆರಡು ಎಂದರಂತೆ. "ನಮ್ಮಲ್ಲಿ ವಯಸ್ಸಿನ ಮಿತಿ ಇಲ್ಲ ಸರ್, ದಯವಿಟ್ಟು ಅಪ್ಲೈ ಮಾಡಿ," ಎಂದಳಂತೆ. ಊಟದ ಹೊತ್ತಿಗೆ ಮೂರು ಸಲ ಹೇಳಿದರು ಇದನ್ನು. ಮೂರೂ ಸಲ ನಕ್ಕೆವು.

ಜನವರಿ 19, ಭಾನುವಾರ

ಮಾವ ಮೂರು ಹಾಳೆ ಗೋಡೆಗೆ ಅಂಟಿಸಿದ್ದಾರೆ. ಮನೆಯಲ್ಲಿ ಎಲ್ಲರೂ ಅವುಗಳನ್ನು ಅಡ್ಡಹೆಸರಿನಿಂದಲೇ ಕರೆಯುತ್ತೇವೆ.

ಪರದೆ — ಎಲ್ಲವೂ ಆನ್‌ಲೈನ್. ದೊಡ್ಡ ಹೆಸರು. ಮನೆಯಿಂದ ಕದಲಬೇಕಿಲ್ಲ.

ಬೆಟ್ಟ — ರೈಲಿನಲ್ಲಿ ಎಂಟು ಗಂಟೆ. ಗುಡ್ಡದ ಮೇಲೆ ಕ್ಯಾಂಪಸ್ಸು. ಕೆಲಸದ ಅನುಭವ ಇದ್ದವರಿಗೆ ಒಂದೇ ವರ್ಷದ ಕೋರ್ಸು, ಹಾಸ್ಟೆಲಿನಲ್ಲೇ ಇರಬೇಕು. ಸ್ಕಾಲರ್‌ಶಿಪ್ ಉಂಟು. ಸೀಟು ಸಿಗುವುದು ನೂರಕ್ಕೆ ಐದು ಜನರಿಗೆ.

ಹಳೇದು — ನಮ್ಮೂರಿನದೇ ಯೂನಿವರ್ಸಿಟಿ. ವಾರಕ್ಕೆ ನಾಲ್ಕು ದಿನ ಸಂಜೆ ಆರರಿಂದ ಕ್ಲಾಸು. ಎರಡೂವರೆ ವರ್ಷ. ಕಟ್ಟಡದ ಬಣ್ಣ ಉದುರಿದೆ. ವೆಬ್‌ಸೈಟಿನಲ್ಲಿರುವ ಫೋಟೊದಲ್ಲೂ ಉದುರಿದೆ.

ಮಾವನ ಕಣ್ಣು ಬೆಟ್ಟದ ಮೇಲೆ. "ಓದೋದಾದ್ರೆ ಪೂರ್ತಿ ಓದ್ಬೇಕಮ್ಮ. ಮಧ್ಯೆ ಮಧ್ಯೆ ಒಲೆ ಆರ್ಸಕ್ಕೆ ಎದ್ದು ಹೋಗೋ ಓದಲ್ಲ."

ಮೂರಕ್ಕೂ ಅರ್ಜಿ ಹಾಕುವುದೆಂದು ಆಯಿತು.

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 5.45

ಅರ್ಜಿಯ ಜೊತೆ ಎರಡು ಪುಟ ಬರೆಯಬೇಕು — ಈ ಕೋರ್ಸು ನಿಮಗೇಕೆ? ನಿನ್ನೆ ಬರೆದು ಮಾವನ ಮೇಜಿನ ಮೇಲಿಟ್ಟಿದ್ದೆ. ಈಗ ನೋಡಿದರೆ ಕೆಂಪು ಶಾಯಿಯಲ್ಲಿ ಸ್ನಾನ ಮಾಡಿ ಎದ್ದಂತಿದೆ. 'ಬಾಲ್ಯದಿಂದಲೂ ನಾಯಕತ್ವದ ಗುಣ' — ಹೊಡೆದು ಹಾಕಿದ್ದಾರೆ. 'ಸವಾಲುಗಳನ್ನು ಎದುರಿಸುವ ಹಂಬಲ' — ಹೊಡೆದು ಹಾಕಿದ್ದಾರೆ. ಕೆಳಗೆ ಒಂದೇ ಸಾಲು: 'ಅಕ್ಷರ ತಪ್ಪಿಲ್ಲ. ಆದರೆ ಇದರಲ್ಲಿ ನೀನೆಲ್ಲಿದ್ದೀಯ?'

ಸ್ವಲ್ಪ ಅಳು ಬಂತು. ಸ್ವಲ್ಪವೇ.

ಫೆಬ್ರವರಿ 11, ಮಂಗಳವಾರ. ಸಂಜೆ

ಬೆಳಿಗ್ಗೆ 11.05ಕ್ಕೆ ಫೋನು. ಅಪಾರ್ಟ್‌ಮೆಂಟಿನ ಲಿಫ್ಟು ಐದು ಮತ್ತು ಆರನೇ ಮಹಡಿಯ ನಡುವೆ ನಿಂತಿದೆ. ಒಳಗೆ ಒಬ್ಬರೇ — ಎಂಟು ತಿಂಗಳ ಬಸುರಿ. ಹತ್ತಿರದ ಮೆಕ್ಯಾನಿಕ್ ಟ್ರಾಫಿಕ್ಕಿನಲ್ಲಿ. ಅವಳ ನಂಬರು ತೆಗೆದುಕೊಂಡು ಮಾತಾಡುತ್ತಾ ಕುಳಿತೆ. ಕೆಳಗೆ ಕೂತ್ಕೋ ಎಂದೆ. ಗಾಳಿ ಬರುತ್ತೆ, ಎಷ್ಟು ಹೊತ್ತಾದರೂ ಬರುತ್ತೆ ಎಂದೆ. ಮಗುವಿಗೆ ಯಾವ ಹೆಸರು ಎಂದು ಕೇಳಿದೆ. ಅವಳಿಗೂ ಗಂಡನಿಗೂ ಹೆಸರಿನ ವಿಷಯದಲ್ಲಿ ಜಟಾಪಟಿಯಂತೆ. ನಲವತ್ತು ನಿಮಿಷ. ಬಾಗಿಲು ತೆಗೆದಾಗ ಅವಳು ನಗುತ್ತಿದ್ದಳು ಎಂದು ಮೆಕ್ಯಾನಿಕ್ ಹೇಳಿದ.

ಮಾವ ಕೇಳಿಸಿಕೊಂಡರು. ಒಂದು ಖಾಲಿ ಹಾಳೆ ತಂದು ಮುಂದಿಟ್ಟರು.

"ಇದನ್ನ ಬರಿ."

ಮಾರ್ಚ್ 2, ಭಾನುವಾರ

ಅರ್ಜಿಗಳು ಹೋದವು. ಪ್ರವೇಶ ಪರೀಕ್ಷೆಯೂ ಮುಗಿಯಿತು. ಗಣಿತ ಮರೆತೇ ಹೋಗಿತ್ತು. ಮೂರು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೇಳಿಕೊಟ್ಟವರು ಟೈ. "ನೀವು ಓದಿ ಮುಗಿಸಿದ್ರೆ ನನ್ನ ಕುರ್ಚಿಗೇ ಬರ್ತೀರ ಮೇಡಂ, ಗೊತ್ತು," ಎಂದು ನಕ್ಕರು ಒಂದು ದಿನ. "ಅಷ್ಟರಲ್ಲಿ ನಾನು ಬೇರೆ ಕುರ್ಚಿ ನೋಡ್ಕೊಂಡಿರ್ತೀನಿ ಬಿಡಿ."

ಪರದೆಯನ್ನು ಕೈಬಿಟ್ಟೆವು. ಅದರ ಡಿಗ್ರಿ ನಮ್ಮ ಹೆಡ್ ಆಫೀಸಿನ ಪಟ್ಟಿಯಲ್ಲಿಲ್ಲ. ಪತ್ತೆ ಮಾಡಿದ್ದೂ ಟೈ. ಮಾವ ಒಂದು ಹಾಳೆ ಗೋಡೆಯಿಂದ ಕಿತ್ತರು.

ಮಾರ್ಚ್ 29, ಶನಿವಾರ. ರೈಲಿನಲ್ಲಿ

ಬೆಟ್ಟದ ಇಂಟರ್‌ವ್ಯೂ ಮುಗಿಸಿ ವಾಪಸು. ಜೊತೆಗೆ ಮಾವ. ಬೇಡವೆಂದರೂ ಬಂದರು.

ಒಳಗೆ ಮೂವರಿದ್ದರು. ನಡುವಿನವರು ಕೇಳಿದ್ದು: "ಹನ್ನೆರಡು ಮೆಕ್ಯಾನಿಕ್ಸ್ ಇದ್ದಾರೆ. ಮೂವರನ್ನ ತೆಗೀಬೇಕು. ಹೇಗೆ ನಿರ್ಧಾರ ಮಾಡ್ತೀರಿ?"

"ಮೊದಲು ಕಂಪ್ಲೇಂಟ್ ಕಮ್ಮಿ ಮಾಡ್ತೀನಿ ಸರ್. ಆಗ ಜನ ಹೆಚ್ಚಾಗಿದ್ದಾರಾ ಇಲ್ವಾ ಅಂತ ತಾನಾಗೇ ಗೊತ್ತಾಗುತ್ತೆ. ಮೊದಲೇ ತೆಗೆದ್ರೆ ಆ ಮೂವರನ್ನೇ ಮತ್ತೆ ಹುಡುಕ್ಕೊಂಡು ಹೋಗ್ಬೇಕಾಗುತ್ತೆ."

ಮೂವರೂ ಏನೋ ಬರೆದುಕೊಂಡರು.

ಹೊರಗೆ ಬಂದರೆ ಮಾವ ಲೈಬ್ರರಿಯ ಮೆಟ್ಟಿಲ ಮೇಲೆ, ಸುತ್ತ ನಾಲ್ಕೈದು ವಿದ್ಯಾರ್ಥಿಗಳು. ಏನು ಮಾತೋ. ಲೈಬ್ರರಿ ಇಡೀ ದಿನ ತೆರೆದಿರುತ್ತದಂತೆ. ಅದನ್ನು ಹೇಳುವಾಗ ಅವರ ಧ್ವನಿ ಸ್ವಲ್ಪ ಇಳಿಯಿತು. ಈಗ ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಾರೆ. ಕೈ ಜೋಮು ಹಿಡಿದಿದೆ. ಅಲುಗಿಸಲು ಮನಸ್ಸಿಲ್ಲ.

ಏಪ್ರಿಲ್ 16, ಬುಧವಾರ

ಬೆಟ್ಟದಲ್ಲಿ ಸೀಟು ಸಿಕ್ಕಿತು. ಸ್ಕಾಲರ್‌ಶಿಪ್ ಸಹಿತ. ಹಳೇದರಲ್ಲೂ ಸಿಕ್ಕಿದೆ, ಅದನ್ನು ಯಾರೂ ಕೇಳಲಿಲ್ಲ.

ಕಂಪನಿ ಒಂದು ವರ್ಷ ರಜೆ ಕೊಡುವುದಿಲ್ಲ. ಹೋಗುವುದಾದರೆ ರಾಜೀನಾಮೆ. ಮನೆಯವರು ಅದಕ್ಕೂ ತಯಾರು. ಇವರು ಆಗಲೇ ಪಟ್ಟಿ ಮಾಡಿದ್ದಾರೆ — ಬೆಳಗಿನ ಅಡುಗೆ ಯಾರದು, ಪುಟ್ಟಿಯ ಶಾಲೆ ಯಾರದು. ಪುಟ್ಟಿ ತನ್ನ ಜಡೆ ತಾನೇ ಹೆಣೆದುಕೊಂಡು ಬಂದು ತೋರಿಸಿದಳು. ಓರೆ ಬೈತಲೆ, ಒಂದು ಜಡೆ ಮುಂದೆ, ಒಂದು ಹಿಂದೆ. "ನೋಡು, ನೀನಿಲ್ದಿದ್ರೂ ಆಗುತ್ತೆ."

ಖುಷಿಯಾಗಬೇಕಿತ್ತು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಹತ್ತು ನಿಮಿಷ ನಿಂತೆ. ಇಷ್ಟು ಬೇಗ ನಾನಿಲ್ಲದೆ ನಡೆಸುವುದನ್ನು ಕಲಿತುಬಿಟ್ಟರೇ...

ಏಪ್ರಿಲ್ 22, ಮಂಗಳವಾರ

ಕೆಲಸ ಮುಗಿಸಿ ಹಳೇದಕ್ಕೆ ಹೋದೆ. ಸೀಟು ಬೇಡವೆಂದು ಬರೆದುಕೊಡಲು. ಗುಮಾಸ್ತರು, "ಬೇಡ ಅನ್ನೋಕೆ ಮುಂಚೆ ಒಂದು ಕ್ಲಾಸು ಕೂತು ನೋಡಿ. ಪುಕ್ಕಟೆ," ಎಂದರು.

ಕೂತೆ. ಪಕ್ಕದಲ್ಲಿ ಯೂನಿಫಾರ್ಮಿನ ನರ್ಸ್. ಮುಂದೆ ಬಸ್ ಡಿಪೋದವರು, ಮೇಜಿನ ಕೆಳಗೆ ಬಿಸ್ಕತ್ತು ತಿನ್ನುತ್ತಿದ್ದರು. ಪಾಠ ಮಾಡುವ ಮೇಡಂಗೆ ಐವತ್ತೈದು ದಾಟಿದೆ, ಗಂಟಲು ಒಡೆದಿದೆ. ಅಂದಿನ ಪಾಠ — ಕಾಯುವ ಜನ. ಕಾಯುವವರಿಗೆ ಹೊತ್ತು ಯಾವಾಗ ಉದ್ದ ಅನ್ನಿಸುತ್ತದೆ ಎಂದು ಕೇಳಿದರು. ನನ್ನ ಕೈ ತಾನಾಗಿ ಎದ್ದಿತು. ಬಸುರಿಯ ಕಥೆ ಹೇಳಿದೆ. ಯಾರಾದರೂ ಮಾತಾಡುತ್ತಿದ್ದರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ ಎಂದೆ. ಎಲ್ಲರೂ ತಲೆದೂಗಿದರು.

ಮೇಡಂ ಮಾತ್ರ ತೂಗಲಿಲ್ಲ. "ಚೆನ್ನಾಗಿ ಮಾಡಿದ್ರಿ. ಆದ್ರೆ ಆ ನಲವತ್ತು ನಿಮಿಷ ಬೇರೆ ಫೋನುಗಳನ್ನ ಯಾರು ಎತ್ತಿದ್ರು?"

ಬರೆದುಕೊಡದೆ ಬಂದೆ.

ಏಪ್ರಿಲ್ 23, ಬುಧವಾರ

ಬೆಳಿಗ್ಗೆ ಮೊದಲು ಮಾಡಿದ ಕೆಲಸ — ಫೆಬ್ರವರಿ 11ರ ಫೋನ್ ದಾಖಲೆ ತೆಗೆಸಿದ್ದು. ಆ ನಲವತ್ತು ನಿಮಿಷದಲ್ಲಿ ಏಳು ಕರೆಗಳಿಗೆ ಉತ್ತರ ಸಿಕ್ಕಿಲ್ಲ. ಅದರಲ್ಲಿ ಎರಡು ಆಸ್ಪತ್ರೆಯವು. ಅಲ್ಲಿಗೆ ಫೋನ್ ಮಾಡಿ ಕೇಳಿದರೆ, ಅಂದು ಲಿಫ್ಟು ನಿಂತು ರೋಗಿಯನ್ನು ಸ್ಟ್ರೆಚರ್ ಸಮೇತ ಮೆಟ್ಟಿಲಲ್ಲಿ ಹೊತ್ತು ಇಳಿಸಿದರಂತೆ. ನನಗೆ ತಿಳಿದಿರಲೇ ಇಲ್ಲ. ಅದೇ ದಿನದ ಬಗ್ಗೆ ಹೆಮ್ಮೆಯಿಂದ ಎರಡು ಪುಟ ಬರೆದು ಸೀಟು ಗಿಟ್ಟಿಸಿಕೊಂಡಿದ್ದೇನೆ.

ಮಧ್ಯಾಹ್ನದೊಳಗೆ ಟೈ ಜೊತೆ ಕೂತು ಎರಡನೇ ಲೈನಿಗೆ ಒಬ್ಬರನ್ನು ಕೂರಿಸುವ ಏರ್ಪಾಡು ಮಾಡಿದೆ. ಒಂದು ಪ್ರಶ್ನೆ, ಮಾರನೆಯ ದಿನವೇ ಕೆಲಸ. ತಲೆಯೊಳಗೆ ಏನೋ ಗುಂಯ್‌ಗುಡುತ್ತಿದೆ.

ಸಂಜೆ ಮಾವನಿಗೆ ಹೇಳಿದೆ — ಹಳೇದಕ್ಕೇ ಸೇರೋಣ ಅನ್ನಿಸ್ತಿದೆ.

ಬಹಳ ಹೊತ್ತು ಕನ್ನಡಕ ಒರೆಸಿದರು. "ಹೆದರಿ ಹೇಳ್ತಿದ್ದೀಯೋ, ಇಷ್ಟಪಟ್ಟು ಹೇಳ್ತಿದ್ದೀಯೋ?"

"ಗೊತ್ತಿಲ್ಲ ಮಾವ."

"ಗೊತ್ತು ಮಾಡ್ಕೋ. ನಮ್ಮ ನೆಪ ಹೇಳಿ ಮಾತ್ರ ಉಳೀಬೇಡ."

ಮೇ 10, ಶನಿವಾರ

ಹದಿನೇಳು ದಿನ ಬರೆದಿಲ್ಲ. ಹೆಡ್ ಆಫೀಸಿನಲ್ಲಿ ಹತ್ತು ದಿನದ ಟ್ರೇನಿಂಗ್ ಇತ್ತು. ಯಾವಾಗಲೂ ಬೇರೆಯವರನ್ನು ಕಳಿಸುತ್ತಿದ್ದೆ. ಈ ಸಲ ನನ್ನ ಹೆಸರು ನಾನೇ ಕೊಟ್ಟೆ. ಮನೆ ಬಿಟ್ಟು ಇಷ್ಟು ದಿನ ಇದ್ದದ್ದು ಮದುವೆಯಾದ ಮೇಲೆ ಇದೇ ಮೊದಲು.

ಮೊದಲ ದಿನ ಕಷ್ಟವಾಯಿತು. ಮೂರನೆಯ ದಿನ ಚೆನ್ನಾಗಿ ನಿದ್ದೆ ಬಂತು. ಐದನೆಯ ದಿನ ಮನೆಗೆ ಫೋನ್ ಮಾಡಲು ಮರೆತೆ. ಅವರೂ ಮರೆತಿದ್ದರು. ಬಿಟ್ಟು ಇರಬಲ್ಲೆ. ಅವರೂ ಇರಬಲ್ಲರು. ಯಾರ ಪ್ರೀತಿಯೂ ಕೂದಲೆಳೆಯಷ್ಟೂ ಸವೆದಿಲ್ಲ.

ಹಾಗಾದರೆ ಹೆದರಿಕೆ ಅಲ್ಲ. ಬೆಟ್ಟದಲ್ಲಿ ಕಲಿಸುವುದು ಕಮ್ಮಿ ಎಂದೂ ಅಲ್ಲ. ಆದರೆ ಅಲ್ಲಿ ಕಲಿತದ್ದನ್ನು ಎಲ್ಲಿ ಪರೀಕ್ಷಿಸಲಿ? ನನ್ನ ಫೋನುಗಳು, ನನ್ನ ಹನ್ನೆರಡು ಮೆಕ್ಯಾನಿಕ್ಕುಗಳು ಇಲ್ಲಿ. ಸಂಜೆ ಕೇಳಿದ್ದನ್ನು ಬೆಳಿಗ್ಗೆ ಮಾಡಿ ನೋಡಬೇಕು, ತಪ್ಪಿದರೆ ಸಂಜೆ ಹೋಗಿ ಜಗಳ ಆಡಬೇಕು. ಆ ಒಡೆದ ಗಂಟಲಿನ ಮೇಡಂ ಜೊತೆ.

ಮ್ಯಾನೇಜರ್ ಕುರ್ಚಿ ಸಿಗುತ್ತದೋ ಇಲ್ಲವೋ, ಯಾರೂ ಬರೆದುಕೊಟ್ಟಿಲ್ಲ.

ಮೇ 12, ಸೋಮವಾರ

ನಿನ್ನೆ ಎಲ್ಲರನ್ನೂ ಕೂರಿಸಿ ಹೇಳಿದೆ. ಮನೆ ತುಂಬ ಜನ ನನಗಾಗಿ ತೊಂದರೆಪಡಲು ಸಂಭ್ರಮದಿಂದ ತಯಾರಾಗಿ ನಿಂತಿರುವಾಗ, ಬೇಡ ಎನ್ನುವುದು ಎಷ್ಟು ಕಷ್ಟ.

ಇವರು ಪಟ್ಟಿಯನ್ನು ಮಡಚಲಿಲ್ಲ. "ಸಂಜೆ ನಾಲ್ಕು ದಿನ ನೀನಿರಲ್ವಲ್ಲ. ಇದ್ರಲ್ಲಿ ಅರ್ಧ ಬೇಕಾಗುತ್ತೆ." ಪುಟ್ಟಿ ಮುಖ ಊದಿಸಿದಳು — ಬೆಟ್ಟಕ್ಕೆ ರೈಲಿನಲ್ಲಿ ಬಂದು ಹಾಸ್ಟೆಲಿನಲ್ಲಿ ಮಲಗುವ ಕನಸು ಕಂಡಿದ್ದಳಂತೆ.

ಮಾವ ಎದ್ದು ಪಾರ್ಕಿಗೆ ಹೋದರು. ಅಲ್ಲಿನ ಗೆಳೆಯರಿಗೆಲ್ಲ ಬೆಟ್ಟದ ಸೀಟಿನ ಸುದ್ದಿ ಸಾರಿ ಬಂದಿದ್ದರಲ್ಲ, ಈಗ ಹಿಂದೆ ತೆಗೆದುಕೊಳ್ಳಬೇಕು. ವಾಪಸು ಬಂದವರು ಪೆನ್ನು ಹಿಡಿದು ಹಳೇದರ ಪ್ರಾಸ್ಪೆಕ್ಟಸ್ ಓದಲು ಕೂತರು. ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದರು:

"ಹದಿನೇಳು ತಪ್ಪಿದೆ. ರಿಜಿಸ್ಟ್ರಾರ್‌ಗೆ ಪೋಸ್ಟ್ ಮಾಡ್ತೀನಿ. ನಮ್ಮ ಹುಡುಗಿ ಓದೋ ಜಾಗ, ನೆಟ್ಟಗಿರ್ಬೇಕು."

ಕಾಫಿ ಲೋಟ ಕೈಯಲ್ಲೇ ಹಿಡಿದು ಅಲ್ಲೇ ನಿಂತೆ. "ಬೇಜಾರಾಯ್ತಾ ಮಾವ?"

"ಆಯ್ತು. ಆ ಲೈಬ್ರರಿ ಚೆನ್ನಾಗಿತ್ತು." ನನ್ನ ಕೈಯಿಂದ ಲೋಟ ತೆಗೆದುಕೊಂಡು, "ಇಲ್ಲೂ ಒಂದಿರುತ್ತಲ್ಲ. ವಿದ್ಯಾರ್ಥಿ ಜೊತೆ ಮನೆಯವರನ್ನ ಬಿಡ್ತಾರಾ, ಕೇಳ್ಕೊಂಡು ಬಾ."

ಜುಲೈ 7, ಸೋಮವಾರ. ಸಂಜೆ 5.50

ಮೊದಲ ದಿನ. ಮೂರನೇ ಸಾಲು. ಆಫೀಸಿನಿಂದ ಓಡಿ ಬಂದು ಬೆವರಿದ್ದೇನೆ. ಈ ಕ್ಲಾಸಿನಲ್ಲಿ ನನಗಿಂತ ದೊಡ್ಡವರು ಇಬ್ಬರಿದ್ದಾರೆ, ಸಮಾಧಾನ. ಪಕ್ಕದವರು ಬ್ಯಾಂಕಿನವರು, ಹೊಸ ಪೆನ್ಸಿಲನ್ನು ಕೆತ್ತಿ ಕೆತ್ತಿ ಅರ್ಧ ಮಾಡಿದ್ದಾರೆ. ನನ್ನಷ್ಟೇ ಹೆದರಿದ್ದಾರೆ ಪಾಪ. ಕೇಳಿದೆ, "ಎಷ್ಟು ವರ್ಷ ಆಯ್ತು ಕ್ಲಾಸಲ್ಲಿ ಕೂತು?" ಇಪ್ಪತ್ತೊಂದು ಎಂದರು. ನನಗೆ ಹದಿನೇಳು. ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತೆವು.

ಇವರಿಗೊಂದು ಮೆಸೇಜು ಹಾಕಬೇಕು, ತಲುಪಿದೆ ಎಂದು. ಆಮೇಲೆ ಹಾಕಿದರಾಯಿತು. ಮೇಡಂ ಬಂದರು. ಹಾಜರಿ ಕರೆಯುತ್ತಿದ್ದಾರೆ. ನನ್ನದು ಇನ್ನೂ ದೂರವಿರಬೇಕು ಅಂದುಕೊಂಡರೆ — ಇಲ್ಲ, ಇದೇ, ನನ್ನದೇ ಹೆಸ—