ಬಲಗೈ ಊದಿದವರ ನಾಮಪತ್ರ

ಯಲಬುರ್ಗಾ ಪಟ್ಟಣ ಕಮಿಟಿಯ ಚುನಾವಣೆಯನ್ನು ಬೇವಿನ ತೋಪಿನ ಡೇರೆಯಲ್ಲಿ ಕುಳಿತು ನಡೆಸಿದ ಮಾನ್ಯ ಅಧಿಕಾರಿಗಳೇ,

ತಾವು ನನ್ನ ನಾಮಪತ್ರವನ್ನು ತಿರಸ್ಕರಿಸಿದ್ದೀರಿ. ಕಾರಣ, ಅದರ ಮೇಲಿನ ಸಹಿ ನನ್ನದಲ್ಲವಂತೆ. ತಮ್ಮ ಕಣ್ಣೆದುರಿಗೇ ಕುಳಿತು, ಹಲ್ಲು ಕಚ್ಚಿಕೊಂಡು, ಬೆವರು ಸುರಿಸುತ್ತ ನಾನು ಹಾಕಿದ ಸಹಿ ಅದು. ನನ್ನದಲ್ಲದಿದ್ದರೆ ಯಾರದು, ಹೇಳಿ? ಡೇರೆಯಲ್ಲಿ ಆಗ ತಾವು, ತಮ್ಮ ಗುಮಾಸ್ತರು ಮತ್ತು ನಾನು ಬಿಟ್ಟರೆ ಒಂದು ನೊಣವೂ ಇರಲಿಲ್ಲ. ಈ ವಿಷಯವಾಗಿ ಬೇರೆಯವರ ಕೈಯಿಂದ ಬರೆಸಿ ತಮ್ಮ ಕಚೇರಿಗೆ ಅರ್ಜಿ ಕೊಟ್ಟು ನೋಡಿದೆ, ಉತ್ತರ ಬರಲಿಲ್ಲ. ಆದ್ದರಿಂದ ಹುಬ್ಬಳ್ಳಿಯಲ್ಲಿ ಅಚ್ಚಾಗುವ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರಿಕೆ ತಳಕಲ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದು ಮೊದಲು ತಮ್ಮ ಮನೆಗೇ ಹೋಗುತ್ತದೆಂದು ತಮ್ಮ ಗುಮಾಸ್ತರೇ ಹೇಳಿದ್ದಾರೆ.

ನಾನು ಕಿರಾಣಿ ಅಂಗಡಿಯವನು. ಕಮಿಟಿಯ ಕುರ್ಚಿಯ ಮೇಲೆ ನನಗೆ ಎಂದೂ ಮೋಹವಿರಲಿಲ್ಲ, ಅಂಗಡಿಯ ಗಾದಿಯೇ ಸಾಕಷ್ಟು ಮೆತ್ತಗಿದೆ. ನನ್ನನ್ನು ಚುನಾವಣೆಗೆ ನಿಲ್ಲಿಸಿದವಳು ಪಕ್ಕೀರವ್ವ. ನಮ್ಮ ಓಣಿಯ ನಟ್ಟನಡುವೆ ಕೊಟ್ರಬಸಪ್ಪನವರ ಕಾಳಿನ ಗೋದಾಮು ಇದೆಯಲ್ಲ, ಅಲ್ಲಿ ಜೋಳ ಹಸನು ಮಾಡುವ ಹೆಣ್ಣುಮಗಳು ಆಕೆ. ಈ ಚಳಿಗಾಲದಲ್ಲಿ ಇಲಿಗಳು ಮೊದಲು ಸತ್ತು ಬಿದ್ದದ್ದು ಆ ಗೋದಾಮಿನಲ್ಲೇ. ಪ್ಲೇಗು ಊರಿಗೆ ಬಂದದ್ದು ಅದೇ ಬಾಗಿಲಿನಿಂದ. ಊರು ಖಾಲಿ ಮಾಡಿ ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಮೇಲೆ, ಒಂದು ಮುಂಜಾನೆ ಆಕೆ ನಮ್ಮ ಗುಡಿಸಲಿನ ಮುಂದೆ ಬಂದು ಕುಳಿತಳು.

"ಸಾವ್ಕಾರ್ರ, ಇಲಿ ಬಿದ್ದಾವು ಅಂತ ಕೊಟ್ರಬಸಪ್ಪನೋರಿಗಿ ಹೇಳಿದ್ವಿ. ಗುಡಿಸಿ ಒಗೀರಿ, ಅದಕ್ಕೇನ ಅಂದ್ರು. ಗುಡಿಸಿದಾಕಿ ನನ್ನ ಸೊಸಿ ಉಡಚಮ್ಮ" ಎಂದಳು. ಉಡಚಮ್ಮನನ್ನು ಸುಟ್ಟು ಬಂದು ಆಗ ಇನ್ನೂ ವಾರ ಕಳೆದಿರಲಿಲ್ಲ. "ನೀವು ಕಮಿಟಿಗಿ ಹೋಗ್ರಿ. ಆ ಗೋದಾಮು ಊರ ಹೊರಗ, ತಳಕಲ್ ದಾರ್ಯಾಗ ಹಾಕಸ್ರಿ. ನಾ ಮತ್ತೇನೂ ಕೇಳೂದಿಲ್ಲ."

ಪಕ್ಕೀರವ್ವನಿಗೆ ವೋಟಿಲ್ಲ. ಮನೆಪಟ್ಟಿ ಕಟ್ಟುವವರಿಗೆ ಮಾತ್ರ ವೋಟು. ಪ್ಲೇಗು ಮಾತ್ರ ಮನೆಪಟ್ಟಿಯ ರಸೀದಿ ಕೇಳದೆ ಒಳಗೆ ಹೋಗುತ್ತದೆ. ಆಕೆಯ ಮುಖ ನೋಡಿ ನನಗೆ ಇಲ್ಲವೆನ್ನಲಾಗಲಿಲ್ಲ. ಹೂಂ ಎಂದುಬಿಟ್ಟೆ.

ಇನ್ನು ತಮ್ಮ ನಿಯಮಗಳ ಕಡೆ ಬರೋಣ. ಮೊದಲಿನ ಪ್ರಕಟಣೆಯಂತೆ ಅಭ್ಯರ್ಥಿಯು ತನ್ನ ಸಹಿಯ ಅರ್ಜಿಯೊಂದನ್ನು ಮುಂಚೆ ಕಚೇರಿಗೆ ಕೊಟ್ಟು, ಗೊತ್ತಾದ ದಿನ ಇಬ್ಬರು ಸೂಚಕರ ಸಂಗಡ ಬಂದು ನಾಮಪತ್ರ ಸಲ್ಲಿಸಬೇಕು. ಇವನು ಇಂಥವನೇ ಹೌದೆಂದು ಸೂಚಕರು ಹೇಳಬೇಕು. ಛಲೋ ನಿಯಮ. ನಾನೂ ಅರ್ಜಿ ಕೊಟ್ಟೆ. ಅಷ್ಟರಲ್ಲಿ ಪ್ಲೇಗು ಕಚೇರಿಗೂ ನುಗ್ಗಿತು, ಕಚೇರಿಯೂ ತೋಪಿಗೆ ಬಂತು, ಅದರ ಹಿಂದೆಯೇ ಡಂಗುರದವನೂ ಬಂದ. ಗುಂಪು ಕೂಡಬಾರದು, ಆದ್ದರಿಂದ ಸೂಚಕರು ಬೇಡ. ಎಲ್ಲರೂ ಮುಟ್ಟುವ ಮಸಿಗೆ ಹೆಬ್ಬೆರಳು ಒತ್ತಬಾರದು, ಆದ್ದರಿಂದ ಹೆಬ್ಬೆಟ್ಟು ಬೇಡ. ಅಭ್ಯರ್ಥಿಯ ಗುರುತಿಗೆ ಅವನ ಹಳೆಯ ಅರ್ಜಿಯ ಸಹಿಯೇ ಸಾಕು, ಹೊಸ ಸಹಿ ಅದರೊಂದಿಗೆ ಕೂಡಿಬಂದರಾಯಿತು. ಆದರೆ ಪ್ಲೇಗಿನ ಸೂಜಿ ಹಾಕಿಸಿಕೊಳ್ಳದವನು ಡೇರೆಯ ಹಗ್ಗ ದಾಟುವಂತಿಲ್ಲ. ಸೋಮವಾರ ಸೂಜಿ, ಮಂಗಳವಾರ ನಾಮಪತ್ರ. ಒಂದೊಂದೇ ನಿಯಮ ತೆಗೆದು ನೋಡಿದರೆ ಎಲ್ಲವೂ ಜಾಣತನದವೇ. ಒಂದೇ ಡೇರೆಯೊಳಗೆ ಕೂಡಿಹಾಕಿದಾಗ ಅವು ಏನು ಮಾಡಿದವೆಂಬುದೇ ನನ್ನ ತಕರಾರು.

ಸೋಮವಾರ ಜಿಲ್ಲೆಯಿಂದ ದೊಡ್ಡ ಡಾಕ್ಟರು ಬಂದರು. ಜನ ಹೆದರಿ ಹಿಂದೆ ಸರಿದಾಗ ತಾವೇ ಮುಂದೆ ಬಂದು, ಅಂಗಿಯ ತೋಳು ಮಡಚಿ, ಎಲ್ಲರಿಗಿಂತ ಮೊದಲು ಸೂಜಿ ಹಾಕಿಸಿಕೊಂಡಿರಿ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ, ವ್ಯಂಗ್ಯವಲ್ಲ. ತಮ್ಮ ಹಿಂದೆ ಸಾಲು ಹಚ್ಚಿದೆವು. "ಕೈ ಕೊಡ್ರಿ" ಎಂದರು ಡಾಕ್ಟರು. ಕೊಟ್ಟೆ. ಯಾವ ಕೈ? ಮಾನ್ಯರೇ, ಅಷ್ಟು ದೊಡ್ಡವರು ಕೈ ಕೊಡಿ ಎಂದಾಗ ಎಡಗೈ ಚಾಚುವವನು ನಮ್ಮ ಸೀಮೆಯಲ್ಲಿ ಹುಟ್ಟಿದ್ದಾನೆಯೇ? ಎಡಗೈಯಿಂದ ಒಂದು ಎಲೆ ಅಡಿಕೆ ಕೊಟ್ಟರೂ ನಮ್ಮಲ್ಲಿ ಮುಖ ತಿರುಗಿಸುತ್ತಾರೆ. ಊರಿಗೆ ಊರೇ ಬಲಗೈ ಚಾಚಿತು. ಯಾವ ಕೈಯಾದರೂ ನಡೆಯುತ್ತಿತ್ತೆಂದು ಡಾಕ್ಟರು ಹೇಳಿದ್ದು ಕೊನೆಗೆ, ಸೂಜಿಗಳನ್ನು ಕುದಿಯುವ ನೀರಿಗೆ ಹಾಕುವಾಗ.

ಸಂಜೆಯ ಹೊತ್ತಿಗೆ ನನ್ನ ತೋಳು ಸೋರೆಕಾಯಿಯಷ್ಟಾಯಿತು. ರೊಟ್ಟಿ ಮುರಿಯಲು ಬರಲಿಲ್ಲ. ನನ್ನ ಹೆಂಡತಿ ಶೇಖರಮ್ಮ ತುತ್ತು ಮಾಡಿ ಬಾಯಿಗಿಡುತ್ತ, "ಊರ ಉದ್ಧಾರ ಮಾಡಾಕ ಹೊಂಟೋರು ಬಾಯಿ ಅಗಲ ತೆಗೀರಿ, ಚಟ್ನಿ ಮೀಸಿಗಿ ಹತ್ತತೈತಿ" ಎಂದು ನಕ್ಕಳು. ಪಕ್ಕದ ಗುಡಿಸಲಿನಲ್ಲಿ ಇನ್ನೊಬ್ಬ ಅಭ್ಯರ್ಥಿ, ದರ್ಜಿ ಇಬ್ರಾಹಿಂಸಾಬರು, ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು "ಯಾ ಅಲ್ಲಾ" ಎನ್ನುತ್ತಿದ್ದರು. ಅವರಿಗೂ ಅವರ ಹೆಂಡತಿ ದಾವಲಬೀಯೇ ಉಣಿಸಿದಳು. ಆ ದಿನ ಯಲಬುರ್ಗಾದ ಗಂಡಸರೆಲ್ಲ ಕೂಸುಗಳಾಗಿದ್ದರು.

ಮರುದಿನ ಜ್ವರದಲ್ಲೇ ಡೇರೆಗೆ ಬಂದೆ. ಲೇಖನಿ ಹಿಡಿದೆ. ಬೆರಳು ಮಡಚಲಿಲ್ಲ. ನಾನು ಬರೆಯಹೊರಟದ್ದು ಉಮಾಪತಿ ಎಂದು, ಕಾಗದದ ಮೇಲೆ ಮೂಡಿದ್ದು ಹೊಸ ಎತ್ತು ಎಳೆದ ಸೊಟ್ಟ ಸಾಲು. ನನಗಿಂತ ಮುಂಚೆ ಒಳಗೆ ಹೋಗಿ ಬಂದ ಇಬ್ರಾಹಿಂಸಾಬರು ಜಾಣರು, ಎಡಗೈಯಿಂದ ಹಾಕಿ ನೋಡಿದ್ದರು. ಅವರದು ಇನ್ನೂ ಕೆಟ್ಟಿತ್ತು. ಗುಮಾಸ್ತರು ನನ್ನ ಹಳೆಯ ಅರ್ಜಿ, ಹೊಸ ನಾಮಪತ್ರ ಎರಡನ್ನೂ ತಮ್ಮ ಮುಂದೆ ಹಿಡಿದರು. ತಾವು ಕೈಯಿಂದ ಮುಟ್ಟಲಿಲ್ಲ, ಬರೀ ತಲೆ ಅಲ್ಲಾಡಿಸಿದಿರಿ. ಆ ಬಿಸಿಲಲ್ಲೂ ತಾವು ಶಾಲು ಹೊದ್ದು ಕುಳಿತಿದ್ದಿರಿ. ಅಧಿಕಾರದ ಗತ್ತು ಇದ್ದೀತು ಎಂದುಕೊಂಡೆ.

"ಸಾಹೇಬ್ರ, ನನ್ನ ಕೈ ನೋಡ್ರಿ, ಊದೈತಿ" ಎಂದು ತೋಳು ಎತ್ತಿ ತೋರಿಸಿದೆ.

"ಕೈ ನೋಡು ಅಂತ ನಿಯಮದಾಗ ಇಲ್ಲ. ಸಹಿ ನೋಡು ಅಂತ ಐತಿ" ಎಂದಿರಿ.

ಹಾಗಾದರೆ ಯಾರ ಸಹಿ ಕೂಡಿಬಂತು? ಮೂರನೆಯ ಅಭ್ಯರ್ಥಿ, ಗೋದಾಮಿನ ಕೊಟ್ರಬಸಪ್ಪನವರದು. ಅವರೂ ನಮ್ಮಂತೆಯೇ ವಿನಯದಿಂದ ಬಲಗೈ ಚಾಚಿ ಸೂಜಿ ಹಾಕಿಸಿಕೊಂಡಿದ್ದರು. ಆದರೆ ಅವರು ಹುಟ್ಟಾ ಎಡಚರು. ಚಿಕ್ಕಂದಿನಲ್ಲಿ ಸಾಲಿಯ ಮಾಸ್ತರರು ಎಷ್ಟು ಬಡಿದರೂ ಅವರ ಬರವಣಿಗೆ ಎಡಗೈ ಬಿಟ್ಟಿರಲಿಲ್ಲ. ಅಂದು ಡೇರೆಯಲ್ಲಿ ಆ ಎಡಗೈ ಮುತ್ತಿನಂಥ ಸಹಿ ಹಾಕಿತು. ಅಲ್ಲಿಗೆ ಅವರು ಅವಿರೋಧವಾಗಿ ಆಯ್ಕೆಯಾದರು. ನನಗೆ ಅವರ ಕೈಯ ಮೇಲೆ ಸಿಟ್ಟಿಲ್ಲ. ಅವರು ಮೋಸವನ್ನೂ ಮಾಡಿಲ್ಲ. ಆದರೆ ಬರುವ ತಿಂಗಳು ಜನ ಮರಳಿ ಊರು ತುಂಬಿದಾಗ, ಗೋದಾಮು ಓಣಿಯಲ್ಲಿರಬೇಕೋ ತಳಕಲ್ ದಾರಿಗೆ ಹೋಗಬೇಕೋ ಎಂದು ತೀರ್ಮಾನಿಸುವವರು ಯಾರು? ಗೋದಾಮಿನ ಒಡೆಯರೇ. ಪಕ್ಕೀರವ್ವ ಮತ್ತೆ ಅಲ್ಲಿಗೇ ಕೂಲಿಗೆ ಹೋಗುತ್ತಾಳೆ, ಬೇರೆ ಕಡೆ ಕೂಲಿ ಎಲ್ಲಿದೆ? ಮತ್ತೆ ಇಲಿ ಬಿದ್ದರೆ ಅವನ್ನು ಗುಡಿಸಿ ಒಗೆಯಲು ಆಕೆಯ ಮನೆಯಲ್ಲಿ ಈಗ ಸೊಸೆಯೂ ಇಲ್ಲ.

ಒಂದು ಊರಿನ ಪ್ರತಿನಿಧಿಯನ್ನು ಅವನು ಯಾವ ಕೈಯಿಂದ ಬರೆಯುತ್ತಾನೆಂದು ನೋಡಿ ಆರಿಸುವುದು ಯಾವ ಕಾನೂನು? ಸರಕಾರದ ಹುಕುಮಿನಂತೆ ಸೂಜಿ ಹಾಕಿಸಿಕೊಂಡವನ ಕೈ ಊದಿದ್ದು ಅವನ ಅಪರಾಧವೇ? ಹಾಕಿಸಿಕೊಳ್ಳದಿದ್ದರೆ ಹಗ್ಗದ ಆಚೆ, ಹಾಕಿಸಿಕೊಂಡರೆ ಕಸದ ಬುಟ್ಟಿ! ತಾವು ನಾಮಪತ್ರವನ್ನು ಮುಂದಿನ ಮಂಗಳವಾರಕ್ಕೆ ದೂಡಿದ್ದರೆ ಸಾಕಿತ್ತು. ಅಥವಾ ನನ್ನನ್ನು ಹುಟ್ಟಿದಂದಿನಿಂದ ಬಲ್ಲ ತಮ್ಮ ಗುಮಾಸ್ತರನ್ನು, ಇವನು ಉಮಾಪತಿ ಹೌದೋ ಅಲ್ಲವೋ ಎಂದು ಒಂದು ಮಾತು ಕೇಳಿದ್ದರೂ ಆಗುತ್ತಿತ್ತು.

ಮೊನ್ನೆ ಪಕ್ಕೀರವ್ವ ಬಂದು ನನ್ನ ತೋಳು ಒತ್ತಿ ನೋಡಿದಳು. "ಊತ ಇಳದೈತಲ್ರಿ. ಮತ್ತ ಸುಮ್ಮನ್ಯಾಕ ಕುಂತೀರಿ? ಬರೀರಿ" ಎಂದಳು. ಬರೆಯಲೆಂದು ತಮ್ಮ ತಿರಸ್ಕಾರದ ಹುಕುಮನ್ನು ಮುಂದಿಟ್ಟುಕೊಂಡೆ. ಪಕ್ಕದಲ್ಲಿ ಚುನಾವಣೆಯ ಮೊದಲ ಪ್ರಕಟಣೆಯೂ ಇತ್ತು. ಎರಡರ ಮೇಲೂ ತಮ್ಮ ಸಹಿ ಇದೆ. ಪ್ರಕಟಣೆಯ ಮೇಲಿನದು ಕುದುರೆ ಓಡಿದಂತಿದೆ. ಹುಕುಮಿನ ಮೇಲಿನದು, ಸೂಜಿಯ ಮರುದಿನದ್ದು, ನನ್ನ ನಾಮಪತ್ರದ ಸಹಿಯ ಒಡಹುಟ್ಟಿದ ತಮ್ಮನಂತಿದೆ. ಶಾಲಿನೊಳಗೆ ಏನಿತ್ತೆಂದು ಆಗ ಹೊಳೆಯಿತು. ಜಿಲ್ಲೆಯ ದೊಡ್ಡ ಡಾಕ್ಟರಿಗೆ ಎಡಗೈ ಚಾಚುವಷ್ಟು ಅವಿನಯ ತಮ್ಮಲ್ಲೂ ಇಲ್ಲವಲ್ಲ!

ಮಾನ್ಯರೇ, ತಮ್ಮ ನಿಯಮದ ಪ್ರಕಾರ ಆ ಹುಕುಮು ತಮ್ಮದಲ್ಲ. ತಮ್ಮದಲ್ಲದ ಹುಕುಮಿನಿಂದ ನನ್ನ ನಾಮಪತ್ರ ತಿರಸ್ಕೃತವಾಗಿಲ್ಲ, ಕೊಟ್ರಬಸಪ್ಪನವರು ಆಯ್ಕೆಯೂ ಆಗಿಲ್ಲ. ಅಥವಾ ಊದಿದ ಕೈಯ ಸಹಿಯೂ ಸಹಿಯೇ ಎಂದು ತಾವು ಒಪ್ಪುವುದಾದರೆ, ನನ್ನದೂ ಇಬ್ರಾಹಿಂಸಾಬರದೂ ಒಪ್ಪಬೇಕು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಊರಿಗೆ ಚುನಾವಣೆ ಬರುತ್ತದೆ. ನಾಮಪತ್ರದ ದಿನವನ್ನು ಹೊಸದಾಗಿ ಗೊತ್ತುಮಾಡಿ ಡಂಗುರ ಹೊಡೆಸಿ ಎಂಬುದು ನನ್ನ ಬೇಡಿಕೆ. ಅಲ್ಲಿಯವರೆಗೆ ಗೋದಾಮಿನ ಬಾಗಿಲಿಗೆ ಸರಕಾರಿ ಬೀಗ ಬೀಳಲಿ. ಕಮಿಟಿಗೆ ನಾನೇ ಬರಬೇಕೆಂದಿಲ್ಲ. ಉಡಚಮ್ಮ ಯಾಕೆ ಸತ್ತಳೆಂದು ಅಲ್ಲಿ ಒಬ್ಬರಾದರೂ ಕೇಳಬೇಕು.

ಇಂತಿ,
ತಮ್ಮ ಎರಡೂ ಸಹಿಗಳನ್ನು ತಮ್ಮವೆಂದೇ ನಂಬಿರುವ,
ಕಿರಾಣಿ ಅಂಗಡಿಯ ಉಮಾಪತಿ
(ಬಲಗೈಯಿಂದ, ಊತ ಇಳಿದ ಮೇಲೆ)
ಬೇವಿನ ತೋಪಿನ ಆಚೆಯ ಗುಡಿಸಲು, ಯಲಬುರ್ಗಾ. ಫಸಲಿ ೧೩೫೨ (ಇಸವಿ ೧೯೪೩).