ಗಂಟು ಕರಗಿಸುವ ನಿಮ್ಮ ಕೆಂಪು ದೀಪ

ಆರೋಗ್ಯ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಒಂದು ಫಲಕ ನನ್ನ ಗಂಡನನ್ನು ಶಸ್ತ್ರಚಿಕಿತ್ಸೆಗೆ ಹೋಗಲು ಬಿಡುತ್ತಿಲ್ಲ. "ಕಾವು ಕೊಟ್ಟರೆ ಗಂಟು ಕರಗುತ್ತದೆ" ಎಂದು ಬರೆದು, ಕೆಳಗೆ ಕಚೇರಿಯ ಮೊಹರನ್ನೂ ಒತ್ತಿ, ನಮ್ಮ ಬೀದಿಯ ಹಿರಿಯರ ಕೇಂದ್ರದಲ್ಲಿ ತೂಗುಹಾಕಿದ್ದೀರಲ್ಲ, ಅದೇ ಫಲಕ. ಯಾವ ಗಂಟು ಎಂದು ಬರೆಯಲು ಜಾಗ ಸಾಲಲಿಲ್ಲವೇ?

ನನ್ನ ಗಂಡ ಕುನ್-ತೈ ದಕ್ಷಿಣ ತೈವಾನಿನ ರಸ್ತೆಗಳಲ್ಲಿ ಮೂವತ್ತು ವರ್ಷ ಕಾಂಕ್ರೀಟ್ ಲಾರಿ ಓಡಿಸಿದವರು, ಅಷ್ಟೂ ವರ್ಷ ತೂಕಡಿಕೆ ಬಾರದಿರಲೆಂದು ಹಸಿ ಅಡಿಕೆ ಜಗಿದವರು. ಚಳಿಗಾಲದಲ್ಲಿ ನಾಲಿಗೆಯ ಪಕ್ಕ ಹುಣ್ಣಾಯಿತು, ದವಡೆಯ ಕೆಳಗೆ ಗಂಟು ಬಂತು. ನಾಲ್ಕು ತಿಂಗಳು ದಿನಾ ಬೆಳಗ್ಗೆ ಆ ಕೇಂದ್ರದಲ್ಲಿ ಕಾವು ಕೊಡುವ ನಿಮ್ಮ ಕೆಂಪು ದೀಪಕ್ಕೆ ಕೆನ್ನೆಯೊಡ್ಡಿ ಕೂತರು. ಅಲ್ಲಿಯ ಸ್ವಯಂಸೇವಕಿ ದೀಪದ ದೂರ ಅಳೆದಳು, ಗಡಿಯಾರ ನೋಡಿದಳು. ಬಾಯಿ ತೆರೆಯಿರಿ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಈಗ ಆ ಬಾಯಿ ಒಂದು ಬೆರಳಗಲವೂ ತೆರೆಯುವುದಿಲ್ಲ. ಮೀನಿನ ಗಂಜಿಯನ್ನೂ ಸೋಸಿ ಕೊಡುತ್ತೇನೆ.

ಆಸ್ಪತ್ರೆಯಲ್ಲಿ ನಾಲಿಗೆಯ ಕ್ಯಾನ್ಸರ್, ಕುತ್ತಿಗೆಗೂ ಹರಡಿದೆ ಎಂದರು. ಕಾವಿನಿಂದಲೇ ಹರಡಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಹಾಗಂತ ಹೇಳಕ್ಕಾಗಲ್ಲಮ್ಮ. ಕ್ಯಾನ್ಸರಿಗೆ ಕಾವು ಕೊಡೋ ಚಿಕಿತ್ಸೆನೂ ಇದೆ, ಆದ್ರೆ ಅದನ್ನ ಅಳತೆ ಇಟ್ಟು, ಬೇರೆ ಚಿಕಿತ್ಸೆ ಜೊತೆ ಕೊಡೋದು. ಅರ್ಧಂಬರ್ಧ ಬಿಸಿಗೆ ಆ ಕೋಶ ಸಾಯುತ್ತೋ, ಇನ್ನೂ ಚುರುಕಾಗಿ ಓಡಾಡುತ್ತೋ, ಇನ್ನೂ ಹುಡುಕ್ತಾ ಇದಾರೆ. ನಾಲ್ಕು ತಿಂಗಳು ಹೋಯ್ತಲ್ಲ, ಅದಂತೂ ನಿಜ."

ಬರುವ ಗುರುವಾರ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರಕ್ಕೆ, ನಮ್ಮಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಮೊಹರು, ಗಂಡನದೇ ಬೇಕು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಅವರು ಇವತ್ತು ಬೆಳಗ್ಗೆಯೂ ನಿಮ್ಮ ದೀಪದ ಮುಂದೆ ಕೂತಿದ್ದರು. ಹಾಗಾದರೆ ನನ್ನ ಮೊಹರನ್ನೇ ಒತ್ತಿಬಿಡಲೇ ಎಂದು ಕೇಳಿದೆ.

"ಡಾಕ್ಟರ ಕೈಲಿ ಕತ್ತರಿ ಇದೆ, ಕತ್ತರಿಸ್ಬೇಕು ಅಂತಾಳೆ," ಎಂದು ಹಲ್ಲುಗಳ ಸಂದಿನಿಂದಲೇ ಗೊಣಗಿದರು. "ಸರ್ಕಾರ ಮೊಹರು ಒತ್ತಿ ಸುಳ್ಳು ಬರಿಯುತ್ತಾ? ನಿನ್ ಮೊಹರು ಬ್ಯಾಂಕಿಗೆ ಸಾಕು ಕಣೇ, ನನ್ ನಾಲಿಗೆ ವಿಷಯಕ್ಕೆ ತರಬೇಡ."

ಎಂತಹ ನಂಬಿಕೆ ನೋಡಿ, ನಿಮ್ಮ ಮೇಲೆ! ನಿಮ್ಮ ಕಚೇರಿಗೂ ಬಂದೆ. ಹದಿನಾಲ್ಕು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ಚೀಟಿ ಕೊಟ್ಟು ಕಳಿಸಿದರು. ಆ ಗಂಟು ಶನಿವಾರ, ಭಾನುವಾರ ರಜೆ ಹಾಕುವುದಿಲ್ಲವಲ್ಲ, ಏನು ಮಾಡಲಿ? ನನಗೆ ತುಂಬ ಹೆದರಿಕೆಯಾಗಿದೆ.

ಪರಿಹಾರ ಬೇಡ, ಕ್ಷಮೆಯೂ ಬೇಡ. ಫಲಕ ಇಳಿಸಿ. ದೀಪ ಹಚ್ಚುವ ಮೊದಲು ಬಾಯಿ ನೋಡುವವರೊಬ್ಬರನ್ನು ಅಲ್ಲಿ ಕೂರಿಸಿ. ಮತ್ತು ಗುರುವಾರದೊಳಗೆ ನನ್ನ ಗಂಡನ ಹೆಸರಿಗೆ ಒಂದೇ ಸಾಲು ಬರೆಯಿರಿ: "ಕುನ್-ತೈ ಅವರೇ, ನಿಮ್ಮ ಗಂಟು ಕಾವಿಗೆ ಕರಗುವುದಿಲ್ಲ, ಆಸ್ಪತ್ರೆಗೆ ಹೋಗಿ." ಕೆಳಗೆ ಮೊಹರು ಒತ್ತಿ. ಅವರು ನಂಬುವುದು ಅದನ್ನೊಂದೇ.

ಇಂತಿ,
ಮನೆಯಲ್ಲಿ ನಡೆಯದ ತನ್ನ ಪುಟ್ಟ ಮೊಹರನ್ನು ಇಲ್ಲಿ ಒತ್ತಿರುವ
ಚ್ವಾಂಗ್ ಪೀ-ಲಿಯೆನ್