ಎಡಗಾಲಿನ ಮಂಡಿ

ನವೆಂಬರ್ ೧೧, ಮಂಗಳವಾರ

ಮಂಡಿನೋವಿಗಿಂತ ಆ ಹುಡುಗನ ಮಾತೇ ಇನ್ನೂ ಚುಚ್ಚುತ್ತಿದೆ. ಹುಡುಗ ಅನ್ನುವುದೆಲ್ಲಿ ಬಂತು, ಈಗ ದೊಡ್ಡ ಮೂಳೆ ಡಾಕ್ಟರು. ಒಂದು ಕಾಲದಲ್ಲಿ ನಾನು ಪಾಠ ಮಾಡುತ್ತಿದ್ದ ಅಂಗರಚನೆಯ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವನು. ಅವನಿಗೆ ನನ್ನ ಗುರುತು ಹತ್ತಲಿಲ್ಲ. ನಾನಾಗಿ ಹೇಳಿಕೊಳ್ಳಲು ನನಗೂ ಬಿಗುಮಾನ.

ನೋವು ನನ್ನ ಬಲಮಂಡಿಯದು, ಅವನ ಮಾತೆಲ್ಲ ಜೊತೆಗೆ ಬಂದಿದ್ದ ನನ್ನ ತಮ್ಮನ ಹತ್ತಿರ.

"ಅಕ್ಕಂಗೆ ಇದೆಲ್ಲ ಚೆನ್ನಾಗಿ ಗೊತ್ತು ಡಾಕ್ಟ್ರೇ," ಎಂದ ತಮ್ಮ.

"ಈಗ ಎಲ್ರೂ ಮೊಬೈಲ್‌ನಲ್ಲಿ ನೋಡ್ಕೊಂಡೇ ಬರ್ತಾರೆ ಬಿಡಿ," ಎಂದು ನಕ್ಕ.

ಆಮೇಲೆ ಪ್ಲಾಸ್ಟಿಕ್ ಮಂಡಿಯೊಂದನ್ನು ತಂದು ನನ್ನ ಬಲಗಾಲಿನ ಪಕ್ಕ ಹಿಡಿದ. ಎಡಗಾಲಿನದು! ಮಂಡಿಯ ಕೆಳಗಿನ ತೆಳ್ಳನೆಯ ಮೂಳೆ ಹೊರಮಗ್ಗುಲಿಗಿರಬೇಕು. ಅವನ ಕೈಯಲ್ಲಿ ಅದು ಒಳಕ್ಕೆ ತಿರುಗಿತ್ತು. "ಒಳಗಡೆ ಮೆತ್ತೆ ಸವೆದಿದೆ" ಎನ್ನುತ್ತ, ಹಾಗೆ ತಿರುಗಿ ಒಳಕ್ಕೆ ಬಂದಿದ್ದ ಹೊರಗಿನ ದುಂಡು ಮೆತ್ತೆಯನ್ನು ಮುಟ್ಟಿದ. ಒಳಗಿನದು ಅರ್ಧಚಂದ್ರ ಕಣಪ್ಪಾ ಎಂದು ವರ್ಷವರ್ಷವೂ ಗಂಟಲು ಹರಿದುಕೊಂಡೆ. ಮೂಳೆ ಕೈಗೆ ಕೊಟ್ಟಾಗ ಎಡವೋ ಬಲವೋ ಹೇಳದವರನ್ನು ಕೂರಲೇ ಬಿಡುತ್ತಿರಲಿಲ್ಲ.

ಇವತ್ತು ನನ್ನ ಬಾಯಿಗೇನಾಗಿತ್ತು? ಮುಂದಿನ ವಾರ ಇದೇ ಮಂಡಿಯನ್ನು ಕೊಯ್ಯುವವನು ಅವನೇ. ಕೊಯ್ಯುವವನನ್ನು ಎದುರುಹಾಕಿಕೊಳ್ಳುವ ಧೈರ್ಯ ಬರಲಿಲ್ಲ.

"ಅರ್ಥ ಆಯ್ತಾ ಅಮ್ಮಾ?" ಎಂದ, ಪಾಠ ಮುಗಿಸಿ ನಾನು ಕೇಳುತ್ತಿದ್ದ ಹಾಗೆಯೇ ಕತ್ತು ಓರೆ ಮಾಡಿ.

ಸುಮ್ಮನೆ ತಲೆಯಾಡಿಸಿದೆ.

ಅಂದು ಬೆಂಚಿನ ತುಂಬ ಹೀಗೇ ಆಡುತ್ತಿದ್ದ ತಲೆಗಳನ್ನು ನಂಬಿ, ನಾನು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆನಲ್ಲ...